ಬೂಟು ಹಾಕಿಕೊಂಡು ಮಣ್ಣಿಗಿಳಿದದ್ದು

ಮದುವೆಯಾಗಿ ಗೋವಿನಕೋವಿಗೆ ಬಂದಾಗಿನಿಂದ ಗುದ್ದಲಿ ಹಿಡಿದವಳು ನಾನು. ಅಂಥವಳಿಗೆ ಗುದ್ದಲಿ ಹಿಡಿಯಲು ಬರುತ್ತದೆ ಅನ್ನುವುದಕ್ಕೆ ಸರ್ಟಿಫಿಕೇಟ್ ಬೇಕು ಅಂದಾಗ ಮೈಯೆಲ್ಲ ಉರಿದುಹೋಯಿತು. ಹಾಗೆ ಹೇಳಿದವರು ಹೊನ್ನಾಳಿಯ ಪಾರ್ಕಿನ ಕಂಟ್ರಾಕ್ಟರು. ಅಲ್ಲಿ ನಾನೂ ನನ್ನ ಓರಗಿತ್ತಿಯೂ ಗಿಡದ ಕೆಲಸಕ್ಕಿದ್ದೆವು. ಪಾತಿ ಮಾಡುವುದು, ಬೇಲಿ ಗಿಡ ಕತ್ತರಿಸುವುದು, ಹುಲ್ಲುಹಾಸಿನ ಕಳೆ ತೆಗೆಯುವುದು, ನೀರು ಬಿಡುವುದು, ಹೂವು ಕೀಳುವವರನ್ನು ಬೈಯುವುದು. ಕೊನೆಯ ಕೆಲಸ ಮಾತ್ರ ನನ್ನೊಬ್ಬಳದು.

"ಇನ್ಮೇಲೆ ಸರ್ಟಿಫಿಕೇಟ್ ಇಲ್ದೋರನ್ನ ಇಟ್ಕಳ್ಳಾಕೆ ಆಗಲ್ಲಮ್ಮ, ಮೇಲಿಂದ ಆರ್ಡರ್ ಐತೆ. ಚನ್ನಗಿರಿ ಕಡೆ ಟ್ರೇನಿಂಗ್ ಕೊಡ್ತಾರೆ. ಕೊನೆಗೊಂದು ಪರೀಕ್ಷೆ. ಇಬ್ರೂ ಪಾಸ್ ಮಾಡ್ಕಂಡ್ ಬರ್ರಿ" ಅಂದರು.

"ಇಷ್ಟು ವರ್ಷ ಉಂಡು ಕೈ ತೊಳ್ದ ಮೇಲೆ, ನಿನಗೆ ಅಡಿಗೆ ಬರ್ತೈತೇನು ಅಂತ ಕೇಳ್ದಂಗಾತಲ್ರೀ" ಅಂದೆ. ಅವರು ಮೊಬೈಲ್ ನೋಡುತ್ತ ಹೊರಟುಹೋದರು.

ಸಿಟ್ಟು ನನ್ನದಾದರೂ ಭಯವಿದ್ದದ್ದು ಅಕ್ಕನ ಬಗ್ಗೆ. ಅಕ್ಕ ಅಂದರೆ ಇದೇ ಓರಗಿತ್ತಿ, ನನ್ನ ಭಾವನ ಹೆಂಡತಿ. ಭಾವ ತೀರಿಕೊಂಡ ಮೇಲೆ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿ, ಮೆಟ್ಟುಗತ್ತಿಯ ಮುಂದೆ ಕೂತು ಕೂತು ಸೊಂಟ ಹಾಳುಮಾಡಿಕೊಂಡವಳು. ನೆಲಕ್ಕೆ ಕೂತರೆ ಎದ್ದೇಳಲು ಒಬ್ಬರ ಕೈ ಬೇಕು. ಇನ್ನು ನೆಲಕ್ಕೆ ಕೂರಲೇಬೇಡ ಎಂದು ಡಾಕ್ಟರು ಹೇಳಿದ ಮೇಲೆ ನಾನೇ ಅವಳನ್ನು ಪಾರ್ಕಿಗೆ ಎಳೆದುಕೊಂಡು ಬಂದಿದ್ದೆ. ಅಲ್ಲಿ ನಿಂತು ಮಾಡುವ ಕೆಲಸ, ಓಡಾಡುವ ಕೆಲಸ. ಪಾರ್ಕು ತಪ್ಪಿದರೆ ಮತ್ತೆ ಮೆಟ್ಟುಗತ್ತಿಯೇ ಗತಿ. ಅದೂ ಅಲ್ಲದೆ ಅವಳು ಮೊದಲೇ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ನೀನಿದ್ರೆ ನಾನು. ನೀನಿಲ್ದಿದ್ರೆ ನಾನೊಬ್ಳೇ ಬಸ್ ಹತ್ತಿ ಪಾರ್ಕಿಗೆ ಹೋಗಾಕಿ ಅಲ್ಲ." ಅವಳು ಮೆತ್ತಗಿನ ಹೆಂಗಸು, ಆದರೆ ಒಮ್ಮೆ ಹೇಳಿದ ಮಾತು ಹೇಳಿದಂತೆಯೇ. ಹಾಗಾಗಿ ಪಾಸಾದರೆ ಇಬ್ಬರೂ ಆಗಬೇಕು.

ಟ್ರೇನಿಂಗಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯವರೆಲ್ಲ ಬಂದಿದ್ದರು. ಬರಕ್ಕೆ ಹೆಸರಾದ ಜಗಳೂರಿನಿಂದ ಒಬ್ಬ ಹಿರಿಯರು, ಅಲ್ಲೊಂದು ಶಾಲೆಯ ಕೈತೋಟ ನೋಡಿಕೊಳ್ಳುವವರು. ಪಕ್ಕದ ಕಾಲುವೆಯಲ್ಲಿ ಸೂಳೆಕೆರೆಯ ನೀರು ಹರಿಯುವುದನ್ನು ನೋಡುತ್ತ ನಿಂತುಬಿಟ್ಟಿದ್ದರು. ನಾವು ಗಿಡಕ್ಕೆ ನೀರು ಬಿಡುವುದನ್ನು ನೋಡಿ, "ನಿಮ್ ಕಡೆ ಗಿಡಕ್ಕೆ ನೀರು ಕುಡಿಸಲ್ಲ ಬಿಡ್ರಿ, ಈಜು ಕಲಿಸ್ತೀರಿ" ಅಂದರು. ನನಗೆ ಸರಿಜೋಡಿ ಸಿಕ್ಕರಲ್ಲ ಅನ್ನಿಸಿತು.

ಪಾಠ ಕೆಟ್ಟದಾಗಿರಲಿಲ್ಲ. ಔಷಧಿ ಹೊಡೆಯುವಾಗ ಗಾಳಿಯ ದಿಕ್ಕು ನೋಡುವುದು, ಹುಲ್ಲು ಕತ್ತರಿಸುವ ಮೆಷೀನು ನಡೆಸುವುದು, ಕತ್ತರಿ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು, ಎಲ್ಲ ಕಲಿತೆವು. ತೊಡಕಾದದ್ದು ಬೂಟಿನಿಂದ. ಬರಬೇಕಾದ ಬೂಟುಗಳು ತಡವಾಗಿ ಪರೀಕ್ಷೆಯ ಹಿಂದಿನ ದಿನ ಬಂದವು. ಮೂತಿಯಲ್ಲಿ ಕಬ್ಬಿಣವಿದ್ದ ದಪ್ಪ ಬೂಟುಗಳು. ಪರೀಕ್ಷೆ ಮಾಡಲು ಬಂದ ಮೇಡಂ ಅವತ್ತೇ ಹೇಳಿದರು: "ಮಣ್ಣಿನಲ್ಲಿ ಕೆಲಸ ಮಾಡುವಾಗ ಕಾಲಲ್ಲಿ ಬೂಟು ಇರಲೇಬೇಕು. ಇಲ್ಲದಿದ್ದರೆ ಮಿಕ್ಕಿದ್ದೆಲ್ಲ ಸರಿ ಮಾಡಿದರೂ ಫೇಲು."

ಅಕ್ಕನ ಮುಖ ಬಾಡಿಹೋಯಿತು. ನಮ್ಮ ಮನೆಗಳಲ್ಲಿ ಗದ್ದೆಗಾಗಲಿ ತೋಟಕ್ಕಾಗಲಿ ಚಪ್ಪಲಿ ಕಾಲಲ್ಲಿ ಇಳಿಯುವುದಿಲ್ಲ. ಬದುವಿನ ಮೇಲೆ ಬಿಟ್ಟು, ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಗುದ್ದಲಿ. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಕಾಲಿಗೇ ಗೊತ್ತು. "ಭೂಮ್ತಾಯಿ ಮೈಯನ್ನ ಮೆಟ್ಟಿನ ಕಾಲಲ್ಲಿ ತುಳಿಯಾದು ಹೆಂಗೆ?" ಎಂದು ಬಸ್ಸಿನಲ್ಲಿ ಒಂದೇ ಸಮನೆ ಕೇಳಿದಳು.

"ಭೂಮ್ತಾಯಿ ಸರ್ಟಿಫಿಕೇಟ್ ಕೊಡ್ತಾಳೇನಕ್ಕ? ನಾಳೆ ಒಂದಿನ ಬೂಟು ಬಿಚ್ಚಬ್ಯಾಡ. ಬಿಚ್ಚಿದ್ರೆ ನಾನು ಸುಮ್ನಿರಲ್ಲ ನೋಡು" ಎಂದು ಊರು ಬರುವ ತನಕ ಗದರಿಸಿದೆ. ಬೆಳಿಗ್ಗೆ ಹೋಗುವಾಗಲೂ ಅದೇ ಮಂತ್ರ.

ಅವಳ ಮೇಲೆ ನಂಬಿಕೆ ಸಾಲದೆ, ಪರೀಕ್ಷೆಗೆ ಮುಂಚೆ ಅವಳನ್ನು ಕಟ್ಟೆಯ ಮೇಲೆ ಕೂರಿಸಿ ಬೂಟಿನ ದಾರವನ್ನು ನಾನೇ ಕಟ್ಟಿದೆ. ಎಮ್ಮೆ ಕಟ್ಟುವ ಗಂಟು, ಎರಡೆರಡು ಸುತ್ತು. ನಾನು ಕಾಲ ಹತ್ತಿರ ಬಗ್ಗಿದ್ದೇ ತಡ, ಅಕ್ಕ ಅಭ್ಯಾಸಬಲದಿಂದ ನನ್ನ ತಲೆಯ ಮೇಲೆ ಕೈಯಿಟ್ಟು, "ಪಾಸಾಗವ್ವ" ಅಂದಳು.

ಅವಳ ಸರದಿ ಬಂತು. ಹೂವಿನ ಸಸಿಗೆ ಪಾತಿ ತೆಗೆದು, ನೆಟ್ಟು, ನೀರು ಕೊಡಬೇಕು. ಮಡಿಯ ಅಂಚಿಗೆ ಬಂದವಳು ನಿಂತುಬಿಟ್ಟಳು. ಅಕ್ಕ ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, "ತಪ್ಪಾತು ತಾಯಿ, ಇವತ್ತೊಂದಿನ" ಅಂದು, ಮೊಟ್ಟೆಯ ಮೇಲೆ ಕಾಲಿಟ್ಟವಳ ಹಾಗೆ ಬೂಟುಗಾಲಲ್ಲಿ ಇಳಿದಳು. ಆಮೇಲೆ ಅವಳ ಕೈ ನಿಲ್ಲಲಿಲ್ಲ. ಮೇಡಂ ಪಾತಿಯ ಸುತ್ತ ಒಂದು ಸುತ್ತು ಬಂದು, "ಚೆನ್ನಾಗಿದೆ, ಆಯ್ತಮ್ಮ" ಅಂದರು. ತಲೆಯ ಮೇಲಿನ ಹೊರೆ ಇಳಿದ ಹಾಗಾಯಿತು ನನಗೆ. ಗೆದ್ದೆವು ಅಂದುಕೊಂಡೆ.

ಆ ಖುಷಿಯಲ್ಲೇ ನಾನು ಮಡಿಗೆ ಇಳಿದೆ. ಗುದ್ದಲಿ ಹಾಕಿದ ಕಡೆ ಮಣ್ಣು ಹದವಾಗಿ ಬಿಚ್ಚಿಕೊಳ್ಳುತ್ತಿತ್ತು, ಪಾದಕ್ಕೆ ತಣ್ಣಗೆ ಹತ್ತುತ್ತಿತ್ತು. ಇಷ್ಟು ಚೆನ್ನಾಗಿ ಯಾವತ್ತೂ ಪಾತಿ ತೆಗೆದಿರಲಿಲ್ಲ. ಜಗಳೂರಿನ ಹಿರಿಯರು ಕೆಮ್ಮಿದರು. ಮತ್ತೆ ಕೆಮ್ಮಿದರು. ಕೆಳಗೆ ಕೈ ತೋರಿಸಿದರು. ಇವರದೇನು ಗಲಾಟೆ ಎಂದು, "ಸುಮ್ನಿರ್ರೀ ಸ್ವಲ್ಪ, ಕೆಲ್ಸ ಮಾಡಾಕೆ ಬಿಡ್ರಿ" ಅಂದೆ.

"ಅಮ್ಮ, ನಿಮ್ಮ ಬೂಟು ಎಲ್ಲಿ?" ಅಂದರು ಮೇಡಂ.

ಬೂಟು ಮಡಿಯ ಅಂಚಿನಲ್ಲಿತ್ತು. ದೇವಸ್ಥಾನದ ಮುಂದೆ ಬಿಟ್ಟ ಹಾಗೆ ಒತ್ತಟ್ಟಿಗೆ, ಜೋಡಿಸಿ ಇಟ್ಟಿದ್ದೆ. ಯಾವಾಗ ಬಿಚ್ಚಿದೆ ಅನ್ನುವುದು ಇವತ್ತಿಗೂ ನೆನಪಿಲ್ಲ.

ತಪ್ಪು ನನ್ನದಾದಾಗ ನನ್ನ ಗಂಟಲು ಇನ್ನೂ ಜೋರು. "ಪಾತಿ ನೋಡ್ರಿ ಮೇಡಂ, ಕಾಲ್ಯಾಕೆ ನೋಡ್ತೀರಿ?" ಅಂದೆ. ಅವರು ಕಾಲನ್ನೇ ನೋಡುತ್ತಿದ್ದರು. ನನ್ನ ಎಡಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. "ಅದೇನಾಯ್ತು?" ಎಂದು ಕೇಳಿದರು. "ಗುದ್ದಲಿ ಬಿತ್ತು" ಅಂದೆ. ಬೂಟು ಯಾಕೆ ಬೇಕು ಅನ್ನುವುದನ್ನು ನನ್ನ ಬಾಯಿಂದ ನಾನೇ ಹೇಳಿದಂತಾಯಿತು.

ಅವರು ಆ ಮಾತನ್ನು ಹಿಡಿದು ಎಳೆಯಲಿಲ್ಲ, ಪುಣ್ಯಾತ್ಗಿತ್ತಿ. "ಎಲ್ಲರದೂ ಮುಗಿದ ಮೇಲೆ ಇನ್ನೊಂದು ಸಲ ಮಾಡಬಹುದು. ಆಗಲೂ ಬಿಚ್ಚಿದರೆ ನನ್ನ ಕೈಯಲ್ಲಿ ಏನೂ ಇಲ್ಲ" ಅಂದರು.

ಹೊಂಗೆ ಮರದ ಕೆಳಗಿನ ಕಟ್ಟೆಯಲ್ಲಿ ಹೋಗಿ ಕೂತೆ. ಅಕ್ಕ ಪಾಸಾಗಿದ್ದಳು, ಆದರೆ ನಾನು ಫೇಲಾದರೆ ಅವಳೂ ಪಾರ್ಕಿಗೆ ಹೋಗುವವಳಲ್ಲ. ಇಷ್ಟು ದಿನ ಯಾರ ಕಾಲಿಗೆ ಹೆದರಿದ್ದೆನೋ ಅವಳ ಕಾಲಲ್ಲಿ ಬೂಟು ಭದ್ರವಾಗಿತ್ತು. ಅವಳನ್ನು ಮತ್ತೆ ಮೆಟ್ಟುಗತ್ತಿಗೆ ಕಳಿಸುವವಳು ನಾನೇ ಆಗಿದ್ದೆ.

ಅಕ್ಕ ಬೈಯಲಿಲ್ಲ. ನನ್ನ ಬೂಟು ಎತ್ತಿಕೊಂಡು ಬಂದವಳು ಕಟ್ಟೆಯ ಅಂಚು ಹಿಡಿದು ನಿಧಾನವಾಗಿ ನನ್ನ ಮುಂದೆ ನೆಲಕ್ಕೆ ಕೂತಳು. ಏನು ಮಾಡುತ್ತಿದ್ದಾಳೆಂದು ತಿಳಿಯುವುದರೊಳಗೆ ನನ್ನ ಕಾಲು ಅವಳ ಮಡಿಲಲ್ಲಿತ್ತು. ನಾನು ಎಳೆದುಕೊಂಡೆ. "ಬ್ಯಾಡಕ್ಕ, ದೊಡ್ಡಾಕಿ ನೀನು, ನನ್ನ ಕಾಲು ಮುಟ್ತೀಯಾ? ಪಾಪ ಸುತ್ಕಳ್ತೈತೆ ನನಗೆ."

"ಪಾಪದ್ದು ಆಮೇಲೆ ನೋಡ್ಕಳ್ಳಾನ. ಮೊದ್ಲು ಪಾಸಾಗು" ಎಂದು ಕಾಲನ್ನು ಮತ್ತೆ ಎಳೆದುಕೊಂಡಳು. ಅಂಗಾಲಿನ ಮಣ್ಣನ್ನು ಸೆರಗಿನಿಂದ ಒರೆಸಿ, ಬೂಟು ತೊಡಿಸಿ, ನಾನು ಕಟ್ಟಿದ್ದ ಅದೇ ಎಮ್ಮೆಯ ಗಂಟನ್ನು ಬಿಗಿದಳು. ನನಗೆ ಅಳು ತಡೆಯಲಾಗಲಿಲ್ಲ, ಅಷ್ಟು ಜನರ ಮುಂದೆ ಅತ್ತುಬಿಟ್ಟೆ. ಅವಳನ್ನು ಎಬ್ಬಿಸಲು ನಾನೂ ಜಗಳೂರಿನವರೂ ಆಚೀಚೆ ಕೈ ಕೊಡಬೇಕಾಯಿತು.

ಸಂಜೆ ಎಲ್ಲರದೂ ಮುಗಿದ ಮೇಲೆ ಮತ್ತೆ ನನ್ನ ಸರದಿ. ಮಡಿಯ ಅಂಚಿಗೆ ಬಂದಾಗ ಕೈ ತಾನಾಗಿ ಬೂಟಿನ ಕಡೆಗೇ ಹೋಯಿತು. ಬೆರಳಿಗೆ ಗಂಟು ಸಿಕ್ಕಿತು. ಬಿಚ್ಚಲು ಬಾರದ ಗಂಟು. ನೆನಪಾಯಿತು. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಬೂಟುಗಾಲಲ್ಲೇ ಇಳಿದೆ. ಪಾತಿ ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ, ನಿಜ. ಆದರೂ ಮೇಡಂ, "ಇಬ್ಬರೂ ಪಾಸು, ಹೋಗಿ ಬನ್ನಿ" ಅಂದರು. ಜಗಳೂರಿನವರು ಈ ಸಲ ಕೆಮ್ಮಲಿಲ್ಲ. "ಈಗ ಮಾತಾಡಬಹುದೇನ್ರಿ?" ಎಂದು ಕೇಳಿದರು. ನಗು ಬಂತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಕ್ಕ ಸೊಂಟಕ್ಕೆ ಕೈಯಾನಿಸಿ, ತುಟಿ ಕಚ್ಚಿಕೊಂಡು ಕೂತಿದ್ದಳು. ನನಗಾಗಿ ನೆಲಕ್ಕೆ ಕೂತದ್ದರ ನೋವು ಅದು.

"ಬಾಳ ನೋಯ್ತೈತೇನಕ್ಕ?" ಎಂದು ಕೇಳಿದೆ.

"ನೋಯ್ತೈತೆ, ನೋಯ್ಲಿ ಬಿಡು" ಅಂದಳು. "ಇನ್ಮೇಲೆ ನೆಲಕ್ಕೆ ಕೂರಾ ಕೆಲ್ಸ ಇಲ್ಲಲ್ಲ."