ನಡುಹೊಳೆಯಲ್ಲಿ ಮಾವ ಎತ್ತಿದ ಪದ

ನಮ್ಮ ಸೋದರಮಾವ ಲೋಕಸಭೆಗೆ ಆರಿಸಿ ಬಂದ ವಾರ, ಅವರ ಜೊತೆ ನಾನೂ ಸಾವಳಗಿಗೆ ಹೋಗಿದ್ದೆ. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ನಾನು ಬೆಳಗಾವಿಯಲ್ಲಿ ಬಿ.ಎ. ಓದುತ್ತಿದ್ದೆ. ಮಾವ ಮೊದಲು ಸಾವಳಗಿ ಶಾಲೆಯಲ್ಲಿ ಮಾಸ್ತರರು. ಆಮೇಲೆ ಪುಣೆಯಲ್ಲಿ ಕಾಯದೆ ಓದಿ ಜಮಖಂಡಿಯಲ್ಲಿ ವಕೀಲರಾದರು, ರಬಕವಿಯ ನೇಕಾರರ ಪರವಾಗಿ ಕೋರ್ಟಿನಲ್ಲಿ ನಿಂತು ಹೆಸರಾದರು. ಸಾವಳಗಿಯವರಿಗೆ ಮಾತ್ರ ಅವರು ಇನ್ನೂ ಮಾಸ್ತರರೇ.

ಸತ್ಕಾರ ಮುಗಿಸಿ, ಹೊಳೆ ದಾಟಿ ಜಮಖಂಡಿಗೆ ಮರಳಲು ನಾವೆ ಹತ್ತಿದಾಗ ಬೀರೇಶ್ವರನ ಭಕ್ತರ ಡೊಳ್ಳಿನ ಮೇಳವೂ ಹತ್ತಿತು. ಮಾಸ್ತರರನ್ನು ಆಚೆ ದಂಡೆಯವರೆಗೆ ಡೊಳ್ಳು ಬಾರಿಸಿಯೇ ಕಳಿಸಬೇಕೆಂದು ಅವರ ಹಟ. ನಡುಹೊಳೆಯಲ್ಲಿ ಯಾರೋ ಭಂಡಾರದ ಅರಿಶಿನಪುಡಿ ಎರಚಿದರು, ಡೊಳ್ಳು ಮೊಳಗಿದವು. ಡೊಳ್ಳು ಕಟ್ಟಿಕೊಂಡವರ ಕಾಲು ಸುಮ್ಮನಿರುವುದಿಲ್ಲ. ಎಲ್ಲರೂ ಒಟ್ಟಿಗೆ ಎಡಕ್ಕೆ ಹೆಜ್ಜೆ ಹಾಕಿದರು, ನಾವೆ ವಾಲಿತು. ಬಲಕ್ಕೆ ಹಾಕಿದರು, ನೀರು ಒಳಗೆ ಬಂತು.

“ನಿಲ್ಲಸ್ರಲೇ! ಎಲ್ಲಾರ್ನೂ ಮುಣಗಸ್ತೀರೇನು?” ಅಂಬಿಗ ಕೂಗಿದ.

“ದೇವರ ಡೊಳ್ಳು ಅರ್ಧಕ್ಕ ನಿಲ್ಲಸಬಾರದೋ ಮಾರಾಯಾ!” ಎಂದ ಮೇಳದ ಹಿರಿಯ.

“ಹಂಗಾರ ಆ ದೇವರಿಗೇ ಹುಟ್ಟು ಹಾಕಾಕ ಹೇಳು!”

ನನಗೆ ಈಜು ಬಾರದು. ನೀರು ಮೀನಖಂಡ ಮುಟ್ಟಿತ್ತು. ಇಂದಿಗೂ ಬಸ್ಸು ತಿರುವಿನಲ್ಲಿ ವಾಲಿದರೆ ನನ್ನ ಕೈ ತಾನಾಗಿ ಸರಳು ಹುಡುಕುತ್ತದೆ.

ಮಾವ ಗದರಲಿಲ್ಲ. ಕುಳಿತಲ್ಲೇ ಕಿವಿಗೆ ಕೈ ಹಚ್ಚಿ ಡೊಳ್ಳಿನ ಪದವೊಂದನ್ನು ಎತ್ತಿದರು. ಪದ ಎದ್ದಿತೆಂದರೆ ಕುಣಿತ ನಿಂತು ಡೊಳ್ಳು ಸಣ್ಣಗಾಗಬೇಕು. ಅದು ಮೇಳದ ರೂಢಿ. ಹೆಜ್ಜೆ ನಿಂತವು. ಎರಡನೇ ಸೊಲ್ಲಿಗೆ ಮುಂಚೆ ಮಾವ, “ಕುಂತ ಹಾಡೂಣ್ರೆಪಾ” ಎಂದರು. ಒಬ್ಬೊಬ್ಬರಾಗಿ ಕುಳಿತರು. ನಾನು ಚರಿಗೆಯಿಂದ ನೀರು ಹೊರಗೆ ಚೆಲ್ಲತೊಡಗಿದೆ. ಮಾಸ್ತರಿಕೆಯ ಕಾಲದಲ್ಲಿ ಮಾವ ಕುರಿ ಕಾಯುವವರ ಪಕ್ಕದಲ್ಲಿ ಬೀರೇಶ್ವರನ ಗುಡಿಯ ಕಟ್ಟೆಯ ಮೇಲೆ ಕುಳಿತು ಆ ಪದ ಕಲಿತಿದ್ದರು. ಉಳಿದ ಮಾಸ್ತರರು ಆಗ ನಗುತ್ತಿದ್ದರಂತೆ.

ದಂಡೆ ಮುಟ್ಟಿದಾಗ ಮೇಳದ ಹಿರಿಯ ಎದೆಯುಬ್ಬಿಸಿ ಅಂಬಿಗನಿಗೆ ಹೇಳಿದ: “ನಮ್ಮ ಮಾಸ್ತರ್ರು ದಿಲ್ಲ್ಯಾಗೂ ಹಿಂಗ ಎಲ್ಲಾರ್ನೂ ಕುಂದರಸ್ತಾರ, ನೋಡ್ಕೋತಿರು!”

ಮಾವ ನಕ್ಕರು. ಇಳಿಯುವಾಗ ನನ್ನ ಹೆಗಲು ಗಟ್ಟಿಯಾಗಿ ಹಿಡಿದು, ಸಣ್ಣ ದನಿಯಲ್ಲಿ, “ಕಾಲು ನಡಗಾಕತ್ತಾವಲೇ, ಬಿಡಬ್ಯಾಡ” ಎಂದರು.

ಹಾರ ಹಿಡಿದು ಕಾದವರ ನಡುವೆ ಅವರ ಭಾರ ಹೊತ್ತು ದಂಡೆ ಏರಿದೆ. ಹೊಸ ಮೆಂಬರರು ಅಳಿಯನ ಮೇಲೆ ಎಷ್ಟು ಪ್ರೀತಿ ಇಟ್ಟಿದ್ದಾರೆಂದು ಜನ ಮಾತಾಡಿಕೊಂಡರು. ನಾನು ತಲೆಯೆತ್ತಿ ನಡೆದೆ.