ಹಿಂದಕ್ಕೆ ಹೋಗದ ಟ್ರೇಲರ್

ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಓಡಿಸಿದ್ದರೂ ಚೆಲುವರಾಜುವಿಗೆ ಟ್ರೇಲರನ್ನು ಹಿಂದಕ್ಕೆ ಬಿಡಲು ಬರುತ್ತಿರಲಿಲ್ಲ. ಈ ಗುಟ್ಟನ್ನು ಅವನು ಸಿಡುಕಿನಿಂದಲೇ ಕಾಪಾಡಿಕೊಂಡು ಬಂದಿದ್ದ. ಯಾರಾದರೂ ರಿವರ್ಸ್ ಎಂದರೆ, "ನಂಗೇನ್ ಬ್ಯಾರೆ ಕೆಲ್ಸ ಇಲ್ವಾ?" ಎಂದು ಗದರಿ, ಊರೆಲ್ಲ ಸುತ್ತಿಕೊಂಡಾದರೂ ಮುಂದಕ್ಕೇ ಹೋಗುತ್ತಿದ್ದ.

ಗುರುಪುರದ ಸಣ್ಣತಾಯಮ್ಮನ ಮನೆಯಲ್ಲಿ ಆ ಆಟ ನಡೆಯಲಿಲ್ಲ. ತಂಬಾಕು ಬೇಯಿಸುವ ಬ್ಯಾರನ್ ಇದ್ದದ್ದು ಹಿತ್ತಲಲ್ಲಿ. ಅಲ್ಲಿ ತಿರುಗಿಸಲು ಜಾಗವಿಲ್ಲ. ಸೌದೆ ತುಂಬಿದ ಟ್ರೇಲರ್ ಎರಡು ಗೋಡೆಗಳ ನಡುವಿನ ಓಣಿಯಲ್ಲಿ ಹಿಂದಕ್ಕೇ ಹೋಗಬೇಕಿತ್ತು. ಮೂರು ಸಲ ಬಿಟ್ಟ, ಮೂರು ಸಲವೂ ಅದು ಗೋಡೆ ಕಡೆಗೇ ತಿರುಗಿತು. ನೋಡಲು ನಿಂತವರೆಲ್ಲ "ಎಡಕ್ಕೆ!", "ಬಲಕ್ಕೆ!" ಎಂದು ಕೂಗಿದರು.

"ಬಾಯ್ ಮುಚ್ರಲಾ!" ಎಂದು ಚೆಲುವರಾಜು ಎಂಜಿನ್ ಆಫ್ ಮಾಡಿದ.

ಸಣ್ಣತಾಯಮ್ಮ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಟ್ರೇಲರ್ ಕಳಚ್ಬುಟ್ಟು ಟ್ರ್ಯಾಕ್ಟರ್ ಮೂತಿಗೆ ಸಿಗಾಕಪ್ಪ. ಎದುರ್ಗೇ ನೋಡ್ಕಂಡು ತಳ್ಬೋದು."

ಅವನು ಟ್ರೇಲರ್ ಕಳಚಿ, ಬೀದಿಯಲ್ಲೇ ಟ್ರ್ಯಾಕ್ಟರ್ ತಿರುಗಿಸಿ, ಅದರ ಮುಂದಿನ ಕೊಕ್ಕೆಗೆ ಟ್ರೇಲರ್ ಸಿಕ್ಕಿಸಿದ. ಗೋಡೆಗೆ ಒಂದು ಗೀರೂ ಬೀಳದಂತೆ ಟ್ರೇಲರ್ ಬ್ಯಾರನ್ ಬಾಗಿಲು ಮುಟ್ಟಿತು. ಚೆಲುವರಾಜುವಿಗೆ ಹೋದ ಜೀವ ಬಂದಂತಾಯಿತು.

"ಇದ್ನ ಯಾರ್ ಏಳ್ಕೊಟ್ರವ್ವ ನಿಮ್ಗೆ?"

"ನಮ್ ಯಜಮಾನ್ರು. ಮೂವತ್ತೊರ್ಸ ಟ್ರ್ಯಾಕ್ಟರ್ ಓಡ್ಸುದ್ರು, ರಿವರ್ಸು ಅವ್ರಿಗೂ ಬತ್ತಿರ್ಲಿಲ್ಲ ಕಣಪ್ಪ. ಬಯ್ಯೋದೂ ನಿನ್ನಂಗೇ ಬಯ್ಯೋರು."