ಚಿಕ್ಕಬೀರಯ್ಯನಿಗೆ ಸಿಗದ ತಾಳ

ಚಿಕ್ಕಬೀರಯ್ಯ ಆ ಸಂಜೆ ಹೊಸ ರುಮಾಲು ಸುತ್ತಿಕೊಂಡು ಬಂದಿದ್ದ. ಊರಿನವರು ಆಮೇಲೆ ವರ್ಷಗಟ್ಟಲೆ ಇದನ್ನೇ ಆಡಿಕೊಂಡು ನಕ್ಕರು. ನಕ್ಕು ನಕ್ಕು, ಆ ಸಂಜೆ ನಡೆದ ಅನ್ಯಾಯ ಏನು ಅನ್ನುವುದನ್ನೇ ಮರೆತುಬಿಟ್ಟರು. ನಮ್ಮ ಜನವೇ ಹಾಗೆ. ಒಬ್ಬನ ಹೊಟ್ಟೆ ಉರಿಯುತ್ತಿದ್ದರೆ ಅವನ ತಲೆಯ ಮೇಲೆ ಏನಿದೆ ಅಂತ ನೋಡುತ್ತಾರೆ.

ಎಪ್ಪತ್ತೊಂಬತ್ತನೇ ಇಸವಿಯ ಮಾತು. ಗುಬ್ಬಿ ತಾಲ್ಲೂಕಿನಲ್ಲಿ ಹಾಗಲವಾಡಿಯ ಆಚೆಗೆ ಒಂದು ಸಣ್ಣ ಊರು. ಅಲ್ಲಿನ ಡೊಳ್ಳಿನ ಮೇಳಕ್ಕೆ ಚೌಡಪ್ಪ ಯಜಮಾನ. ಹತ್ತು ಹನ್ನೆರಡು ಗಂಡಸರು ಡೊಳ್ಳು ಕಟ್ಟಿಕೊಂಡು ಕುಣಿಯುತ್ತಾ ಬಡಿಯುತ್ತಿದ್ದರೆ, ಎಲ್ಲರ ಮುಂದೆ ಕಂಚಿನ ತಾಳ ಹಿಡಿದು ನಿಲ್ಲುವವನೇ ಯಜಮಾನ. ಯಾವಾಗ ತಿರುಗಬೇಕು, ಯಾವಾಗ ಮಂಡಿಯೂರಬೇಕು, ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲವೂ ಆ ತಾಳದಲ್ಲೇ. ಆ ವರ್ಷ ಚೌಡಪ್ಪನಿಗೆ ಮಂಡಿ ಹಿಡಿದುಕೊಂಡು ಕುಣಿಯಲು ಆಗದಂತಾಯಿತು. ಸೋಮವಾರ ಸಂಜೆ ಬೀರದೇವರ ಗುಡಿಯ ಮುಂದೆ ತಾಳವನ್ನು ಇನ್ನೊಬ್ಬರ ಕೈಗೆ ಒಪ್ಪಿಸುತ್ತೇನೆ, ಎಲ್ಲರೂ ಬನ್ನಿ ಅಂತ ಹೇಳಿಕಳಿಸಿದ.

ಆ ಇನ್ನೊಬ್ಬರು ಯಾರು ಅಂತ ಯಾರೂ ಕೇಳಲಿಲ್ಲ. ಕೇಳುವುದಕ್ಕೇನಿತ್ತು? ಮೀಸೆ ಮೂಡುವ ಮೊದಲಿನಿಂದ ಚೌಡಪ್ಪನ ಬಲಗಡೆಗೆ ನಿಂತು ಬಡಿದವನು ಚಿಕ್ಕಬೀರಯ್ಯ. ಮೇಳದಲ್ಲೆಲ್ಲ ದೊಡ್ಡ ಡೊಳ್ಳು ಅವನದು, ಅವನ ಅಪ್ಪನ ಕಾಲದ್ದು. ಹೆಂಡತಿ ತೀರಿಕೊಂಡ ಮೇಲೆ ಚೌಡಪ್ಪ ಎಳೆಯ ಮಗಳನ್ನು ಮಡಿಲಲ್ಲಿ ಹಾಕಿಕೊಂಡು ಮೂಲೆ ಹಿಡಿದು ಕೂತಿದ್ದಾಗ, ಮೇಳ ಚೆದುರದಂತೆ ನೋಡಿಕೊಂಡವನೂ ಇವನೇ. ಇಷ್ಟಿದ್ದರೂ ತಾಳ ನನಗೆ ಕೊಡು ಅಂತ ಅವನು ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಅವರಲ್ಲಿ ಅದು ಕೇಳಿ ಪಡೆಯುವ ವಸ್ತುವಲ್ಲ. ಕೇಳಿದವನು ನಾಚಿಕೆಗೆಟ್ಟವನು, ಅವನಿಗೆ ದೇವರು ಒಲಿಯುವುದಿಲ್ಲ ಅಂತ ಹಿರಿಯರು ಕಟ್ಟು ಮಾಡಿಟ್ಟಿದ್ದರು. ಕೊಡುವವನು ತಾನಾಗಿ ಕೊಡಬೇಕು. ಚಿಕ್ಕಬೀರಯ್ಯ ಬಾಯಿಗೆ ಬೀಗ ಹಾಕಿಕೊಂಡು ಕಾದ. ಅವನ ಹೆಂಡತಿ ಸಿದ್ದಲಕ್ಷ್ಮಮ್ಮ ಗುಬ್ಬಿಯಿಂದ ಕೆಂಪಂಚಿನ ರುಮಾಲು ತರಿಸಿದಳು. "ಬರಿ ತಲೇಲಿ ಈಸ್ಕೊಂಡ್ರೆ ಚೆಂದಾಗಿರಲ್ಲ," ಅಂದಳು.

ಸೋಮವಾರ ಸಂಜೆ ಚೌಡಪ್ಪ ತಾಳಕ್ಕೆ ದೇವರ ಭಂಡಾರದ ಅರಿಶಿನ ಹಚ್ಚಿ ಕಣ್ಣಿಗೊತ್ತಿಕೊಂಡ. ಚಿಕ್ಕಬೀರಯ್ಯ ಎದ್ದು ನಿಲ್ಲಲು ಕೈಯನ್ನು ನೆಲಕ್ಕೆ ಊರಿಯೂ ಆಗಿತ್ತು.

"ಜುಂಜಪ್ಪಾ, ಬಾಪ್ಪ ಇಲ್ಲಿ," ಅಂದ ಚೌಡಪ್ಪ.

ಜುಂಜಪ್ಪ ಚೌಡಪ್ಪನ ಅಳಿಯ, ಕುಣಿಗಲ್ ಕಡೆಯವನು. ಬರೀ ಅಳಿಯ ಆಗಿದ್ದರೆ ಜನ ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ತುಮಕೂರಿನಲ್ಲಿ ವರ್ಷಕ್ಕೊಂದು ಸಲ ನಡೆಯುವ ಜಿಲ್ಲಾ ಪೈಪೋಟಿಯಲ್ಲಿ ಇವರ ಮೇಳಕ್ಕೆ ಮೇಲಿಂದ ಮೇಲೆ ಮಣ್ಣು ಮುಕ್ಕಿಸಿದ್ದು ಕುಣಿಗಲ್ ಮೇಳ. ಆ ಮೇಳದ ತಾಳ ಹಿಡಿದು ಎದುರಿಗೆ ಕುಣಿದಿದ್ದವನು ಇದೇ ಜುಂಜಪ್ಪ. ಆಮೇಲೆ ತುಮಕೂರಿನ ಸತ್ಯಮಂಗಲದಲ್ಲಿ ಫ್ಯಾಕ್ಟರಿ ಕೆಲಸ ಸಿಕ್ಕಿ, ಅಲ್ಲೇ ಬಟವಾಡಿಯಲ್ಲಿ ಬಾಡಿಗೆ ಮನೆ ಹಿಡಿದು, ಚೌಡಪ್ಪನ ಮಗಳು ವನಜಮ್ಮನನ್ನು ಮದುವೆಯಾಗಿದ್ದ.

ಮೊದಲು ಕೂಗಿದವನು ಕದರಯ್ಯ, ಚಿಕ್ಕಬೀರಯ್ಯನ ಜೊತೆಗೇ ಡೊಳ್ಳು ಕಲಿತವನು.

"ಏನ್ ಚೌಡಣ್ಣ, ನಮ್ಮೂರಲ್ಲಿ ಗಂಡಸ್ರು ಸತ್ತೋಗವ್ರಾ? ಕುಣಿಗಲ್ಲೋನ ತಾಳಕ್ಕೆ ನಾವ್ ಕುಣೀಬೇಕಾ?"

"ಪೈಪೋಟಿ ಗೆಲ್ಬೇಕೋ ಬ್ಯಾಡ್ವೋ?" ಅಂದ ಚೌಡಪ್ಪ. ಅಷ್ಟು ಹೇಳಿ ತಲೆ ತಗ್ಗಿಸಿ ಮಂಡಿ ನೀವಿಕೊಳ್ಳುತ್ತಾ ಕೂತ.

ಜುಂಜಪ್ಪ ತಾಳ ಹಿಡಿದುಕೊಂಡೇ ನೇರ ಚಿಕ್ಕಬೀರಯ್ಯನ ಹತ್ತಿರ ಬಂದು ಕಾಲು ಮುಟ್ಟಿದ. "ಬೀರಣ್ಣ, ನೀವ್ ಪಕ್ಕದಲ್ಲಿದ್ರೆ ನಂಗೆ ಧೈರ್ಯ," ಅಂದ. ಊರೆಲ್ಲ ಇವನ ಮುಖವನ್ನೇ ನೋಡುತ್ತಿತ್ತು. "ಆಗ್ಲಪ್ಪ," ಅಂದ ಚಿಕ್ಕಬೀರಯ್ಯ. ಬೇರೆ ಏನು ಹೇಳುವುದು? ಆಮೇಲೆ ಎಲ್ಲರ ಸಾಲಿನಲ್ಲಿ ಕೂತು, ಆ ಕೆಂಪಂಚಿನ ರುಮಾಲಿನಲ್ಲೇ ಊಟವನ್ನೂ ಮಾಡಬೇಕಾಯಿತು. ಮನೆಗೆ ಬಂದು ಅದನ್ನು ಬಿಚ್ಚಿ ಮೂಲೆಗೆ ಎಸೆದ. ಏನಾಯಿತು ಅಂತ ಸಿದ್ದಲಕ್ಷ್ಮಮ್ಮ ಕೇಳಲಿಲ್ಲ. ಅವನು ಬರುವ ಮೊದಲೇ ಸುದ್ದಿ ಬೀದಿ ತುಂಬ ಆಗಿತ್ತು.

ಜುಂಜಪ್ಪ ಕೆಟ್ಟವನಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದುಕೊಂಡಾದರೂ ಇರಬಹುದಿತ್ತು. ಶನಿವಾರ ಸಂಜೆ ಫ್ಯಾಕ್ಟರಿ ಮುಗಿಸಿಕೊಂಡು ಬಸ್ಸು ಹತ್ತಿ ಬರುತ್ತಿದ್ದ, ಭಾನುವಾರ ಇಡೀ ದಿನ ತಾಲೀಮು. ಬೀಡಿ ಇಲ್ಲ, ಹೆಂಡ ಇಲ್ಲ, ಒಬ್ಬರ ಮೇಲೂ ಗಂಟಲೇರಿಸುತ್ತಿರಲಿಲ್ಲ. ತಾಳ ಹಿಡಿದು ಗಾಳಿಗೆ ನೆಗೆದನೆಂದರೆ ಅಂಗಳದ ಹೆಂಗಸರು ಸೊಂಟದ ಬಿಂದಿಗೆ ಇಳಿಸುವುದನ್ನೂ ಮರೆತು ನೋಡುತ್ತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಪಂಚೆ ಮಾಡಿಸಿದ. ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ನಿಂತು ಬಡಿಯುವುದನ್ನು ಕಲಿಸಿದ. ದೇವರ ಮುಂದೆ ಗಂಟೆಗಟ್ಟಲೆ ನಡೆಯುತ್ತಿದ್ದ ಕುಣಿತವನ್ನು, ಪೈಪೋಟಿಯವರು ಕೊಡುವ ಸಮಯಕ್ಕೆ ಸರಿಯಾಗಿ ಕತ್ತರಿಸಿ ಹೊಂದಿಸಿದ.

ಮೊದಲ ವಾರ ಊರಿನವರು ಅವನಿಗೆ ನೀರು ಕೊಡುವುದಕ್ಕೂ ಹಿಂದೆಮುಂದೆ ನೋಡಿದರು. ಎರಡನೇ ವಾರ ಪರವಾಗಿಲ್ಲ ಅಂದರು. ತಿಂಗಳು ತುಂಬುವಷ್ಟರಲ್ಲಿ "ನಮ್ ಜುಂಜಪ್ಪ" ಆಗಿಹೋದ. ಗಂಡಸರು ಸತ್ತೋಗವ್ರಾ ಅಂತ ಕೂಗಿದ್ದನಲ್ಲ ಕದರಯ್ಯ, ಅವನನ್ನು ಜುಂಜಪ್ಪ ಮುಂದಿನ ಸಾಲಿಗೆ ತಂದು ನಿಲ್ಲಿಸಿದ. ಅಲ್ಲಿಂದ ಕದರಯ್ಯನ ಬಾಯಲ್ಲಿ ಬೇರೆ ಮಾತೇ ಇಲ್ಲ. "ಏನೇ ಅನ್ನು ಬೀರಾ, ಆಳು ಬೆಂಕಿ ಕಣ್ಲಾ," ಅಂತ ಚಿಕ್ಕಬೀರಯ್ಯನಿಗೇ ಬಂದು ಹೇಳುತ್ತಿದ್ದ. ಇಂಥ ಗೆಳೆಯರಿದ್ದರೆ ಹಗೆಗಳನ್ನು ಬೇರೆ ಹುಡುಕಬೇಕೆ?

ಒಂದು ಭಾನುವಾರ ಜುಂಜಪ್ಪ ಮೆಲ್ಲಗೆ ಹೇಳಿದ. "ಬೀರಣ್ಣ, ಬೇಜಾರು ಮಾಡ್ಕೋಬೇಡಿ. ನಿಮ್ ಡೊಳ್ಳು ದೊಡ್ದು, ಹಿಂದ್ಗಡೆಯಿಂದ ಕೇಳಿದ್ರೆ ಮೇಳಕ್ಕೆ ತೂಕ. ಮುಂದೆ ಸಣ್ ಡೊಳ್ಳೋರು ನೆಗೀಲಿ."

ಚಿಕ್ಕಬೀರಯ್ಯ ಹಿಂದಕ್ಕೆ ಹೋಗಿ ನಿಂತ. ಆ ದಿನದ ತಾಲೀಮು ಮುಗಿಯುವವರೆಗೂ ಒಂದು ಪೆಟ್ಟು ತಪ್ಪದಂತೆ ಬಡಿದ. ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ.

ಅವನ ಲೆಕ್ಕಾಚಾರ ಇಷ್ಟೇ. ನಾನಿಲ್ಲದೆ ಇವರಿಗೆ ನಡೆಯುವುದಿಲ್ಲ, ಬರುತ್ತಾರೆ, ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಕರೆದ ಕೂಡಲೇ ಹೋಗಬಾರದು, ಒಂದಿಷ್ಟು ಸತಾಯಿಸಿ ಆಮೇಲೆ ಹೋಗಬೇಕು. ಹೇಗೆ ಸತಾಯಿಸುವುದು, ಏನೇನು ಅನ್ನುವುದು ಅಂತ ಕುರಿ ಕಾಯುವಾಗ ಒಬ್ಬನೇ ಆಡಿ ನೋಡಿಕೊಳ್ಳುತ್ತಿದ್ದ.

ಪೈಪೋಟಿ ಹತ್ತಿರ ಬಂದಾಗ ಅವರು ಬಂದರು. ಜುಂಜಪ್ಪ, ಕದರಯ್ಯ, ಇನ್ನಿಬ್ಬರು. ಚಿಕ್ಕಬೀರಯ್ಯನ ಎದೆ ಹಿಗ್ಗಿತು, ಮುಖ ಮಾತ್ರ ಗಂಟು ಹಾಕಿಕೊಂಡ. ಸಿದ್ದಲಕ್ಷ್ಮಮ್ಮ ಕಂಬಳಿ ಹಾಸಿ ಕಾಫಿಗೆ ನೀರಿಟ್ಟಳು. ಮಳೆ ಬೆಳೆ ಮಾತಾಯಿತು. ಕುರಿಗೆ ಬಂದ ರೋಗದ ಮಾತಾಯಿತು. ಕಾಫಿ ಕುಡಿದರು. ಕದರಯ್ಯ ಎರಡು ಸಲ ಕೆಮ್ಮಿದ.

"ಬೀರಾ, ಒಂದ್ ಮಾತು. ನೀನು ಬರಲ್ಲ ಅಂದ್ರೆ ಬಲವಂತ ಏನಿಲ್ಲ, ಬುಡು. ಆದ್ರೆ ಆ ದೊಡ್ ಡೊಳ್ಳು ಇಲ್ದೆ ಸದ್ದು ತುಂಬ್ತಾ ಇಲ್ಲ. ಡೊಳ್ಳು ಕೊಟ್ಟಿರು. ಬಡಿಯಕ್ಕೆ ನಾನಿದೀನಿ."

ಕುರಿ ಕಾಯುವಾಗ ಆಡಿ ನೋಡಿಕೊಂಡಿದ್ದ ಮಾತುಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇಲ್ಲ ಅನ್ನಬಹುದಿತ್ತು. ದೇವರ ಮೇಳಕ್ಕೆ ಡೊಳ್ಳು ಕೊಡಲಿಲ್ಲ ಅನ್ನುವ ಹೆಸರು ಬಂದರೆ ಆ ಊರಿನಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಎದ್ದು ಹೋಗಿ ಗೂಟದಿಂದ ಡೊಳ್ಳು ಇಳಿಸಿ, ಹಗ್ಗ ಬಿಗಿದು, ತಾನೇ ಕದರಯ್ಯನ ಹೆಗಲಿಗೆ ಏರಿಸಿದ. ಅವರು ಬೀದಿ ತಿರುಗಿದ ಮೇಲೆ ಸಿದ್ದಲಕ್ಷ್ಮಮ್ಮ ಕಾಫಿ ಲೋಟಗಳನ್ನು ಒಂದೊಂದಾಗಿ ಅಂಗಳಕ್ಕೆ ಬೀಸಿ ಒಗೆದಳು. "ನಾಚ್ಕೆ ಮಾನ ಇಲ್ದೋರು," ಅಂತ ಬೀದಿಗೆಲ್ಲ ಕೇಳುವಂತೆ ಬೈದಳು.

ಪೈಪೋಟಿಯ ದಿನ, ಕುರಿಗೆ ಔಷಧಿ ತರುತ್ತೇನೆ ಅಂತ ಸುಳ್ಳು ಹೇಳಿ ಅವನೂ ತುಮಕೂರಿನ ಬಸ್ಸು ಹತ್ತಿದ. ಜೂನಿಯರ್ ಕಾಲೇಜು ಮೈದಾನದಲ್ಲಿ ಕಳ್ಳನ ಹಾಗೆ ಜನರ ಹಿಂದೆ ನಿಂತ. ಸೋಲಲಿ ಅಂತ ಬೇಡಿಕೊಂಡ. ಹುಟ್ಟಿದ ಊರಿನ ಮೇಳ ಸೋಲಲಿ ಅಂತ, ಅದೇ ಬೀರದೇವರನ್ನು ಬೇಡಿಕೊಂಡ. ಜುಂಜಪ್ಪ ತಾಳ ಎತ್ತಿದ. ದೊಡ್ಡ ಡೊಳ್ಳು ಮೊದಲ ಪೆಟ್ಟಿಗೇ ಮೈದಾನ ತುಂಬಿತು. ಚಿಕ್ಕಬೀರಯ್ಯನ ಬಲಗೈ ತಾನಾಗಿ ತೊಡೆಯ ಮೇಲೆ ಆಡತೊಡಗಿತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತ. ಅವರು ಚೆನ್ನಾಗಿ ಬಡಿದರು. ಅವನು ಅಲ್ಲಿದ್ದಾಗ ಅಷ್ಟು ಚೆನ್ನಾಗಿ ಯಾವತ್ತೂ ಬಡಿದಿರಲಿಲ್ಲ, ಅದು ಅವನಿಗೆ ಯಾರೂ ಹೇಳದೆಯೇ ಗೊತ್ತಾಯಿತು. ಕುಣಿಗಲ್ ಮೇಳ ಎರಡನೆಯದಾಯಿತು, ಇವರು ಮೊದಲು. ಕದರಯ್ಯ ಅವನ ಡೊಳ್ಳನ್ನು ತಲೆಯ ಮೇಲೆತ್ತಿಕೊಂಡು ಕುಣಿದ. ಚಿಕ್ಕಬೀರಯ್ಯ ಬಸ್ ಸ್ಟ್ಯಾಂಡಿನವರೆಗೂ ಅಳುತ್ತಲೇ ನಡೆದ.

ಮುಂದಿನ ವರ್ಷಗಳಲ್ಲೂ ಅವರೇ ಗೆದ್ದರು. ಬೆಂಗಳೂರಿಗೂ ಹೋಗಿ ಬಂದರು. ಎಂಬತ್ತನಾಲ್ಕರ ಹೊತ್ತಿಗೆ ಜುಂಜಪ್ಪ ಮೇಳದ ಗಟ್ಟಿ ಆಳುಗಳಿಗೆಲ್ಲ ಸತ್ಯಮಂಗಲದಲ್ಲಿ ಕೆಲಸ ಹಿಡಿದುಕೊಟ್ಟ. ಕದರಯ್ಯನೂ ಹೋದ. ಎಲ್ಲರೂ ತುಮಕೂರಿನಲ್ಲೇ ಇರುವಾಗ ವಾರವಾರ ಹಳ್ಳಿಗೆ ಬಂದು ತಾಲೀಮು ಮಾಡುವುದೇಕೆ? ಮೇಳ ಬಟವಾಡಿಗೆ ಹೋಯಿತು. ಊರಿನ ಹೆಸರು ಬಿಟ್ಟು ಬೇರೆ ಹೆಸರು ಹಚ್ಚಿಕೊಂಡಿತು. ತಾಳ ಹೋಯಿತು, ದೊಡ್ಡ ಡೊಳ್ಳೂ ಹೋಯಿತು. ಗುಡಿಯ ಮುಂದೆ ಈಗ ಮಂಗಳಾರತಿಗೆ ಪೂಜಾರಿ ಒಂದು ಗಂಟೆ ಬಾರಿಸುತ್ತಿದ್ದ, ಅಷ್ಟೇ.

ಒಂದು ದಿನ ಚೌಡಪ್ಪ ಕರೆಕಳಿಸಿದ. ಆ ಸೋಮವಾರದಿಂದ ಇಬ್ಬರಿಗೂ ಮಾತಿರಲಿಲ್ಲ. ಹೋಗಬಾರದು ಅಂದುಕೊಂಡೇ ಚಿಕ್ಕಬೀರಯ್ಯ ಹೋದ. ಚೌಡಪ್ಪ ಜಗುಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಮೈ ಅರ್ಧ ಆಗಿತ್ತು.

"ಬೀರಾ, ಮತ್ತೊಂದ್ ಮೇಳ ಕಟ್ಲಾ. ನೀನೇ ಯಜಮಾನ ಆಗು," ಅಂದ.

"ಯಾರಿಗ್ ಯಜಮಾನ ಆಗ್ಲಿ? ಕುರಿಗಾ?" ಅಂದ ಚಿಕ್ಕಬೀರಯ್ಯ. ಇಷ್ಟು ವರ್ಷ ಬಿಗಿಹಿಡಿದಿದ್ದ ಬಾಯಿ ಆಗ ಬಿಚ್ಚಿತು. "ಒಂದ್ ಮಾತು ಹೇಳು ಚೌಡಣ್ಣ. ನನ್ ಕೈಲಿ ಏನ್ ಕೊರತೆ ಕಂಡು ಆವತ್ತು ತಾಳ ಅವ್ನಿಗೆ ಕೊಟ್ಟೆ? ಇವತ್ತಾದ್ರೂ ನಿಜ ಹೇಳು."

ಚೌಡಪ್ಪ ಚಾಚಿದ್ದ ಕಾಲನ್ನು ಎಳೆದುಕೊಂಡ.

"ವನಜಿ ಮದುವೆ ಆದ್ಮೇಲೆ ಬರೋದೇ ನಿಲ್ಲಿಸ್ಬುಟ್ಳು ಕಣ್ಲಾ. ಅಳಿಯನ್ನ ಕೇಳಿದ್ರೆ, ರಜ ಇಲ್ಲ ಮಾವ, ಹೆಂಗ್ ಬರೋದು ಅಂತಿದ್ದ. ತಾಳ ಕೊಟ್ರೆ ವಾರವಾರ ಬಂದೇ ಬರ್ತಾನೆ, ಜೊತೇಲಿ ಮಗಳ್ನೂ ಕರ್ಕೊಂಡ್ ಬರ್ತಾನೆ ಅಂದ್ಕೊಂಡೆ. ತಾಯಿ ಇಲ್ದೆ ಸಾಕಿದ ಮಗಳು ಕಣ್ಲಾ."

"ಬಂದ್ಳಾ?"

"ಎಲ್ಲಿ ಬಂದ್ಳು? ಮನೆ ನೋಡ್ಕೊಳೋರು ಬೇಕು ಅಂತ ಅವಳನ್ನ ಅಲ್ಲೇ ಬುಟ್ಟು, ಅವನೊಬ್ನೇ ಬರ್ತಿದ್ದ. ಈಗ ಅವನೂ ಬರಲ್ಲ."

"ಹೇಳಿದ್ರೆ ನಾನೇ ಬಟವಾಡಿಗೋಗಿ ಕರ್ಕೊಂಡ್ ಬತ್ತಿದ್ನಲ್ಲಣ್ಣ. ನಾನ್ ಎತ್ತಾಡಿಸಿದ್ ಮಗ ಅದು."

ಚೌಡಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡ. ಸಮಾಧಾನ ಮಾಡುವ ಹಾಗೆ, ತನಗೆ ತೋಚಿದ ಒಳ್ಳೆಯ ಮಾತನ್ನೇ ಹೇಳಿದ. "ನಿನ್ ಕೈಲಿ ಕೊರತೆ ಏನೂ ಇರ್ಲಿಲ್ಲ ಬೀರಾ. ನೀನು ಹೆಂಗ್ ಬಡೀತೀಯ, ಹೆಂಗ್ ನಡೆಸ್ತೀಯ, ಅದನ್ನ ನಾನು ಯೋಚ್ನೆನೇ ಮಾಡ್ಲಿಲ್ಲ."

ಚಿಕ್ಕಬೀರಯ್ಯ ಎದ್ದು ಬಂದ. ಮನೆಯಲ್ಲಿ ಸಿದ್ದಲಕ್ಷ್ಮಮ್ಮ ಮುದ್ದೆ ಕಟ್ಟುತ್ತಿದ್ದಳು. ಗಂಡನ ಮುಖ ನೋಡಿ ಕೈ ನಿಲ್ಲಿಸಿದಳು.

"ಯಾಕ್ ಕೊಡ್ಲಿಲ್ವಂತೆ ತಾಳನ? ಕೇಳಿದ್ರಾ?"

ನಿಜ ಹೇಳಬೇಕೆಂದು ಅವನು ಬಾಯಿ ತೆರೆದ. ಬಡಿದು ಬಡಿದು ಕೈ ಜಡ್ಡುಗಟ್ಟಿದ ಅಷ್ಟು ವರ್ಷಗಳಲ್ಲಿ ಇವನ ಕೈ ಒಳ್ಳೆಯದೋ ಕೆಟ್ಟದೋ ಅಂತ ಕೂಡ ಯಾರೂ ತೂಗಿ ನೋಡಿರಲಿಲ್ಲ. ಅದನ್ನು ಹೆಂಡತಿಗೆ ಹೇಳುವುದು ಹೇಗೆ?

"ನನ್ ಕೈ ಸಾಲ್ದು ಅನ್ನಿಸ್ತಂತೆ ಕಣೇ. ಜುಂಜಪ್ಪನೇ ನನಗಿಂತ ವಾಸಿ ಅಂತ ಕೊಟ್ನಂತೆ," ಅಂದ.

"ಅದ್ನ ಆವತ್ತೇ ಹೇಳಕ್ಕೆ ಏನ್ ರೋಗ ಬಂದಿತ್ತು ಅವ್ರಿಗೆ?"

"ಹೇಳ್ಬೋದಾಗಿತ್ತು," ಅಂದು ಚಿಕ್ಕಬೀರಯ್ಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡ.